ಗುಡಿಸಿದ ಮಣ್ಣು

1987 ಸೆಪ್ಟೆಂಬರ್ 6, ಭಾನುವಾರ

ಅದನ್ನೇ ಹೇಳುತ್ತಿದ್ದೆ ಅರ್ಲೀನ್, ಅಷ್ಟರಲ್ಲಿ ಕಣ್ಣು ಎಳೆದುಕೊಂಡು ಹೋಯಿತು. ಎಲ್ಲಿಗೆ ನಿಲ್ಲಿಸಿದ್ದೆ? ಕೆಂಪು ಕಾಗದ. ಚರ್ಚಿನ ಗಂಡಸರ ಬಾಗಿಲಿಗೆ ಅಂಟಿಸಿಹೋಗಿದ್ದಾರೆ, ಹೆಂಗಸರ ಬಾಗಿಲು ಖಾಲಿ. ನಮ್ಮದು ಎರಡು ಬಾಗಿಲಿನ ಚರ್ಚು ಎನ್ನುವುದು ಕೌಂಟಿ ಕಚೇರಿಯವರ ತಲೆಗೆ ಹೋಗಲಿಲ್ಲವೋ, ಒಂದೇ ಕಾಗದ ತಂದಿದ್ದರೋ. ಮಿಮ್ಸ್ ಓದಿ, "ಹಾಗಾದ್ರೆ ಹೆಂಗಸ್ರು ಒಳಗೆ ಹೋಗಿ ಸಾಯ್ಬಹುದಂತೆ, ನಾವು ಮಾತ್ರ ಹೋಗೋ ಹಾಗಿಲ್ಲ" ಎಂದ. ಇಷ್ಟು ವರ್ಷ ಚರ್ಚಿನ ಹಿರಿಯನಾಗಿ, ಡೀಕನ್ ಆಗಿದ್ದರೂ ಅವನ ಬಾಯಿ ನೆಟ್ಟಗಾಗಿಲ್ಲ.

ಕಾಗದದಲ್ಲಿ ಇರುವುದು ಇಷ್ಟು. ಹಿಂಬದಿ ಕುಸಿದಿದೆ, ಕಟ್ಟಡ ಅಪಾಯದ್ದು, ಯಾರೂ ಕಾಲಿಡಕೂಡದು. ಅಕ್ಟೋಬರ್ ಹದಿನಾರಕ್ಕೆ ಮತ್ತೆ ಬಂದು ನೋಡುತ್ತಾರೆ, ಸರಿಯಾಗಿಲ್ಲದಿದ್ದರೆ ಕೆಡವುತ್ತಾರೆ. ಹದಿನಾರು ಶುಕ್ರವಾರ. ಅದರ ಮುಂದಿನ ಭಾನುವಾರವೇ ಡೆಟ್ರಾಯಿಟಿಗೆ ಹೋದವರು, ಅಟ್ಲಾಂಟಾಕ್ಕೆ ಹೋದವರು ಎಲ್ಲ ವರ್ಷಕ್ಕೊಮ್ಮೆ ಬಂದು ಸೇರುವ ದಿನ. ಬಂದವರಿಗೆ ಸೌದೆ ರಾಶಿ ತೋರಿಸಬೇಕಾಗುತ್ತದೆ.

ನಮ್ಮ ಹಾಲೋ ಪೈನ್ ಊರಿನಲ್ಲಿ ಇನ್ನೇನು ಉಳಿದಿದೆ ಹೇಳು. ಶಾಲೆಯ ಎರಡೂ ಕೋಣೆಯಲ್ಲಿ ಯಾರದೋ ಹುಲ್ಲಿನ ಕಟ್ಟು. ಪಿಕೆನ್ಸ್ ಅಂಗಡಿಯನ್ನು ಬಳ್ಳಿ ನುಂಗಿ, ಈಗ ಅದು ಅಂಗಡಿಯ ಆಕಾರದ ಪೊದೆ. ಸತ್ತವರನ್ನು ಮರ್ಯಾದೆಯಿಂದ ಮಣ್ಣು ಮಾಡಲೆಂದು ನಮ್ಮ ಹಿರಿಯರು ಸಂಘ ಕಟ್ಟಿಕೊಂಡಿದ್ದರಲ್ಲ, ಆ ಲಾಡ್ಜಿನ ಮಹಡಿ ಹೋದ ಚಳಿಗಾಲದಲ್ಲಿ ಮುದಿ ಎತ್ತಿನ ಹಾಗೆ ಮಂಡಿಯೂರಿ ಮಲಗಿತು. ಚರ್ಚೂ ಹೋದರೆ ಊರು ಎನ್ನುವುದು ರಸ್ತೆ ಬದಿಯ ಒಂದು ಫಲಕ.

ಮತ್ತೆ ನೀನು. ಚರ್ಚಿನ ಬೆನ್ನಿಗೇ ಇರಲಿ, ಹಾಡು ಕೇಳಿಸುತ್ತಿರಲಿ ಎಂದು ತಾನೇ ಅಲ್ಲಿ ಮಲಗಿಸಿದ್ದು. ಬಯಲಿನಲ್ಲಿ ಬಿಟ್ಟುಬಂದ ಹಾಗಾಗುತ್ತದೆ.

ಫೆಬ್ರವರಿಯಲ್ಲಿ ನಿನ್ನನ್ನು ಕಳಿಸಿಕೊಟ್ಟ ಮೇಲೆ ನಾನು ಒಳಗೆ ಹೋಗಿಲ್ಲ. ಮಂಡಿ ನೋವು. ಶನಿವಾರ ಶನಿವಾರ ನಿನ್ನ ಬದಲಿಗೆ ಗೋರಿಗಳ ಅಂಗಳ ಗುಡಿಸಲು ಹೋಗುತ್ತೇನಲ್ಲ, ಅದಕ್ಕೆ ಮಂಡಿ ಅಡ್ಡ ಬರುವುದಿಲ್ಲವೇ ಎಂದು ನೀನು ಕೇಳುತ್ತೀ. ಗುಡಿಸುವುದೇ ಬೇರೆ, ಮೆಟ್ಟಿಲು ಹತ್ತುವುದೇ ಬೇರೆ.

ಮಿಸ್ ಓಜೆಲ್ಲಾ ಮತ್ತೆ ಬೀನ್ಸು, ಜೋಳದ ರೊಟ್ಟಿ ಕಳಿಸಿದ್ದರು. ನಾಯಿ ತಿಂದಿತು. ಅವರ ತಟ್ಟೆಗಳು ಸಿಂಕಿನ ಪಕ್ಕ ಪೇರಿಕೊಂಡಿವೆ. ಕೊಟ್ಟುಬರಬೇಕು ಎಂದುಕೊಳ್ಳುತ್ತೇನೆ, ಕೊಟ್ಟರೆ ಕೂರು ಎನ್ನುತ್ತಾರೆ.

ಸೆಪ್ಟೆಂಬರ್ 9, ಬುಧವಾರ

ಮಿಸ್ ಓಜೆಲ್ಲಾ ಜಗುಲಿಯಲ್ಲಿ ಸಭೆ. ಸಭೆ ಅಂದರೆ ಚರ್ಚಿನ ಆಸ್ತಿ ನೋಡಿಕೊಳ್ಳುವ ನಾವು ಮೂರು ಜನ. ನಾನು, ಮಿಮ್ಸ್, ಮತ್ತೆ ತೊಂಬತ್ತು ದಾಟಿದ ಮಿಸ್ ಓಜೆಲ್ಲಾ ಬ್ಯಾಟಲ್. ಅವರೊಬ್ಬರೇ ಮೂರು ಜನಕ್ಕೆ ಸಮ.

ಮಿಮ್ಸ್ ಹೇಳಿದ, ಪೇಟೆಯ ದೊಡ್ಡ ಚರ್ಚಿನವರು ನಮ್ಮನ್ನು ಸೇರಿಸಿಕೊಳ್ಳಲು ತಯಾರಂತೆ. ಇಟ್ಟಿಗೆ ಕಟ್ಟಡ, ಕಾರ್ಪೆಟ್ಟು, ತಣ್ಣನೆ ಗಾಳಿ.

"ಬಾಗಿಲು ಎಷ್ಟಿದೆ?" ಮಿಸ್ ಓಜೆಲ್ಲಾ ಕೇಳಿದರು.

"ಒಂದೇ. ಆದ್ರೆ ಗಾಜಿನದು."

"ಗಾಜಿನ ಬಾಗಿಲಿರೋದು ಬ್ಯಾಂಕಿಗೆ. ನಾನು ಬ್ಯಾಂಕಲ್ಲಿ ಪ್ರಾರ್ಥನೆ ಮಾಡಲ್ಲ."

"ಹಾಗಾದ್ರೆ ಏನ್ ಮಾಡೋದು ಮಿಸ್ ಓಜೆಲ್ಲಾ, ನೀವೇ ಹೇಳಿ."

"ಆಲ್ಟನ್ ಹೇಳಲಿ. ಕಾಲೇಜಿಗೆ ಹೋದವನು."

ಅರವತ್ತೆಂಟಾದರೂ ನನಗೆ ಇದು ತಪ್ಪಲಿಲ್ಲ. ಎರಡೇ ವರ್ಷ ಹೋಗಿದ್ದು, ಅದರಲ್ಲೂ ಇಂಗ್ಲಿಷ್ ತರಗತಿಯಲ್ಲಿ ಪ್ರೊಫೆಸರ್ ವಿಟ್ಲೋ ಕಿಟಕಿ ಪಕ್ಕ ಕೂರಿಸಿದ್ದರಿಂದ ಅರ್ಧ ಪಾಠ ಹಿತ್ತಲಿನ ಕೋಳಿಗಳ ಮೇಲೆ ಹೋಯಿತು. ಪ್ರತಿ ಪ್ಯಾರಾ ಒಂದು ಮುಖ್ಯ ವಾಕ್ಯದಿಂದ ಶುರುವಾಗಬೇಕು ಎನ್ನುತ್ತಿದ್ದರು. ಆಮೇಲೆ ಏನು ಬರಬೇಕು ಎಂದೂ ಹೇಳಿದ್ದರು, ಅದು ನೆನಪಿಲ್ಲ. ನನ್ನಲ್ಲಿ ಈಗ ಮುಖ್ಯ ವಾಕ್ಯವೂ ಇಲ್ಲ.

ನೋಡೋಣ ಎಂದು ಹೇಳಿ ಎದ್ದುಬಂದೆ. ತಟ್ಟೆ ಒಯ್ಯುವುದು ಮರೆತಿದ್ದೆ.

ಸೆಪ್ಟೆಂಬರ್ 12, ಶನಿವಾರ

ಗುಡಿಸಿದೆ. ಕಾಗದದಲ್ಲಿ ಒಳಗೆ ಹೋಗಬೇಡಿ ಎಂದಿದೆ, ಗುಡಿಸಬೇಡಿ ಎಂದಿಲ್ಲ.

ಬಿಸಿಲು. ನಿನ್ನ ಗೋರಿ ಮತ್ತೆ ಕುಸಿದಿದೆ ಅರ್ಲೀನ್. ಮಧ್ಯದಲ್ಲಿ ಬಟ್ಟಲಿನ ಹಾಗೆ. ಸುತ್ತ ಒಂದು ಹುಲ್ಲುಕಡ್ಡಿ ಉಳಿಯದ ಹಾಗೆ ಗುಡಿಸಿದೆ, ನೀನು ಮಾಡುತ್ತಿದ್ದ ಹಾಗೇ ಮೇಲಿನಿಂದ ಕೆಳಕ್ಕೆ, ಗೋರಿಗಳ ಕಡೆಯಿಂದ ಚರ್ಚಿನ ಗೋಡೆಯವರೆಗೆ. ಬೆನ್ನು ಹಿಡಿಯಿತು. ನೀನು ಒಂದು ದಿನವೂ ಬೆನ್ನು ನೋವು ಎನ್ನಲಿಲ್ಲ, ಇಲ್ಲ ನಾನು ಕೇಳಿಸಿಕೊಳ್ಳಲಿಲ್ಲ.

ಸೆಪ್ಟೆಂಬರ್ 17, ಗುರುವಾರ

ಬರೆಯುವುದಕ್ಕೆ ಇವತ್ತು ಇದೆ.

ರಾಜ್ಯದ ಕಚೇರಿಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು, ರೆನಾಟಾ ಕೋಲಿ ಎಂದು. ಹಳೆಯ ಕಟ್ಟಡಗಳ ಫೋಟೊ ತೆಗೆದು ದಾಖಲೆ ಮಾಡುವ ಕೆಲಸ. ನಮ್ಮವಳೇ, ಕಪ್ಪು ಹುಡುಗಿ, ಸವಾನಾ ಕಡೆಯವಳು, ಪ್ಯಾಂಟು, ದೊಡ್ಡ ಬೂಟು. ಮಿಸ್ ಓಜೆಲ್ಲಾ ಪ್ಯಾಂಟನ್ನು ಒಂದು ಸಲ ನೋಡಿ, ಅವಳ ಅಜ್ಜಿಯ ಹೆಸರು ಕೇಳಿ, ಆಮೇಲೆ ಪ್ಯಾಂಟನ್ನು ಕ್ಷಮಿಸಿದರು.

ಶಾಲೆ, ಅಂಗಡಿ, ಬಿದ್ದ ಲಾಡ್ಜು ಎಲ್ಲ ತೋರಿಸಿದೆ. ಚರ್ಚಿನ ಮುಂದೆ ಅವಳು ನಿಂತಳು. ಬಣ್ಣ ಕಾಣದ ಹಲಗೆಯ ಮೇಲೆ ಕೈಯಿಟ್ಟು, "ಇದು ಪೂರ್ತಿ ಪೈನಿನ ಚೇಗು. ಇಂಥ ಮರ ಈಗ ಎಲ್ಲೂ ಸಿಗಲ್ಲ ಮಿಸ್ಟರ್ ರಕರ್. ಇದು ಬೀಳೋ ಜಾತಿಯದಲ್ಲ" ಎಂದಳು.

"ಬೀಳ್ತಾ ಇದೆಯಲ್ಲಮ್ಮಾ."

ಹಿಂದಕ್ಕೆ ಹೋದೆವು. ಅಲ್ಲಿ ನಿಂತು ಅವಳು ಕೇಳಿದಳು, "ಮುಂದೆ ಕಲ್ಲಿನ ಮೋಟುಗಂಬ ಮಂಡಿಯೆತ್ತರ ಕಾಣ್ತವೆ. ಇಲ್ಲಿ ಯಾಕಿಲ್ಲ?"

"ಹಿಂದೆ ಕಂಬ ಇಲ್ಲ. ದಿಬ್ಬದ ಮೇಲೇ ಕೂರಿಸಿದ್ದಾರೆ."

ನಾನು ಹುಟ್ಟಿದಾಗಿನಿಂದ ಅದು ಹಾಗೇ ಇದೆ. ಯಾರೂ ಕೇಳಿರಲಿಲ್ಲ.

ಅವಳು ಕಾರಿನಿಂದ ಒಂದು ಕಬ್ಬಿಣದ ಸರಳು ತಂದು ಗೋಡೆಯ ಪಕ್ಕ ಚುಚ್ಚಿದಳು. ಬೆಣ್ಣೆಗೆ ಹೋದ ಹಾಗೆ ಹೋಯಿತು. ಮೊಣಕೈ ಆಳದಲ್ಲಿ ಟಣ್ ಎಂದಿತು. ಕೆಳಗೆ ಕಲ್ಲು. "ಕಂಬ ಇದೆ. ಹೂತು ಹೋಗಿದೆ. ಇಷ್ಟು ಮಣ್ಣು ಎಲ್ಲಿಂದ ಬಂತು, ಮಳೆ ನೀರಿಗಾ?"

ನನ್ನ ಕೈಯಲ್ಲಿ ಪೊರಕೆ ಇರಲಿಲ್ಲ, ಆದರೂ ಇದ್ದ ಹಾಗನ್ನಿಸಿತು. ನಿಂತಲ್ಲಿಂದಲೇ ಕಂಡಿತು, ಹೋದ ಶನಿವಾರ ನಾನು ಎಳೆದ ಗೆರೆಗಳು. ಗೋರಿಗಳಿಂದ ಶುರುವಾಗಿ ಸಾಲು ಸಾಲಾಗಿ ಬಂದು ಗೋಡೆಯ ಬುಡದಲ್ಲಿ ನಿಂತಿವೆ. ಸತ್ತವರ ಕಡೆಗೆ ಪೊರಕೆ ತಿರುಗಿಸಬಾರದು ಎನ್ನುವುದು ನಮ್ಮಲ್ಲಿ ನಡೆದುಬಂದದ್ದು. ಚರ್ಚು ಕಟ್ಟಿದಾಗಿನಿಂದ ಶನಿವಾರ ತಪ್ಪದೆ ಗುಡಿಸಿದ್ದೇವೆ. ಒಂದೊಂದು ಸಲಕ್ಕೆ ಒಂದೊಂದು ಹಿಡಿ ಮಣ್ಣು.

ಮಣ್ಣು ಕೆದರಿ ಅಡಿಯ ತೊಲೆಗೆ ಕೈ ಹಾಕಿದೆ. ಕೇಕಿನ ಹಾಗೆ ಕಳಚಿ ಬಂತು, ತುಂಬ ಗೆದ್ದಲು.

ಇದಕ್ಕೆ ಕಾಲೇಜಿನಲ್ಲಿ ಒಂದು ಪದ ಇತ್ತು. ಗ್ರೀಕರ ನಾಟಕದಲ್ಲಿ ರಾಜ ಒಳ್ಳೆಯದು ಮಾಡಲು ಹೋಗಿ ತನ್ನ ಮನೆಯನ್ನು ತಾನೇ ಬೀಳಿಸಿಕೊಳ್ಳುತ್ತಾನೆ, ಅದಕ್ಕೆ. ಹ ಅಕ್ಷರದಿಂದ ಶುರು. ಹಾರ್ಮೋನಿಕಾ ಎಂದು ಬಾಯಿಗೆ ಬರುತ್ತದೆ, ಅದಂತೂ ಅಲ್ಲ.

ಸೆಪ್ಟೆಂಬರ್ 18, ಶುಕ್ರವಾರ

ಮಿಸ್ ಓಜೆಲ್ಲಾಗೆ ಯಾರು ಹೇಳುವುದು? ಎಂಬತ್ತು ವರ್ಷ ಗುಡಿಸಿದವರು. ನಿನಗೆ ಪೊರಕೆ ಹಿಡಿಯಲು ಕಲಿಸಿದವರೇ ಅವರು.

ಮಿಮ್ಸ್: "ನೀನೇ ಹೇಳು, ನಿನ್ನ ಹೆಂಡತಿ ಸತ್ತಿದ್ದಾಳೆ, ನಿನ್ನನ್ನ ಹೊಡೆಯಲ್ಲ."

ನಾನು: "ನೀನು ಡೀಕನ್."

ಮಿಮ್ಸ್: "ಅದಕ್ಕೇ. ನಾನು ಇನ್ನೂ ಬದುಕ್ಬೇಕು."

ಸೆಪ್ಟೆಂಬರ್ 20, ಭಾನುವಾರ

ತಟ್ಟೆಗಳನ್ನು ತೊಳೆದು ಎತ್ತಿಕೊಂಡು ಹೋದೆ, ಬರಿಗೈಯಲ್ಲಿ ಹೋಗುವುದಕ್ಕಿಂತ ಅದು ವಾಸಿ. ಕೂರು ಎಂದರು, ಕೂತೆ. ಉಂಡೆಯಾ ಎಂದರು, ಉಂಡೆ. ಆಮೇಲೆ ಹೇಳಿದೆ. ನೆಲ ನೋಡಿಕೊಂಡೇ ಹೇಳಿದೆ, ಸರಳು, ಕಲ್ಲು, ತೊಲೆ, ಗೆದ್ದಲು, ಗೆರೆಗಳು.

ಅವರು ರಸ್ತೆಯ ಕಡೆ ತಿರುಗಿ ಕೇಳಿದರು.

"ಆ ಪ್ಯಾಂಟಿನ ಹುಡುಗಿ ಹೇಳಿದ್ದಾ?"

"ಅವಳು ಕೇಳಿದ್ದು ಅಷ್ಟೇ. ನೋಡಿದ್ದು ನಾನು."

"ನನ್ನ ಅಜ್ಜಿ ನನ್ನ ಕೈಗೆ ಪೊರಕೆ ಕೊಟ್ಟಾಗ ಪೊರಕೆ ನನಗಿಂತ ಉದ್ದ ಇತ್ತು. ಸತ್ತವರ ಮುಖಕ್ಕೆ ಮಣ್ಣು ಹಾರಿಸಬೇಡ ಕಣೇ ಅಂದ್ಲು." ಆಮೇಲೆ, "ಚರ್ಚಿಗೂ ಮುಖ ಇರುತ್ತೆ ಅಂತ ಹೇಳ್ಲಿಲ್ಲ" ಎಂದರು.

ಅಳುತ್ತಾರೇನೋ ಎಂದು ಹೆದರಿದ್ದೆ. ಅವರು ಎದ್ದು ಕೋಲು ತೆಗೆದುಕೊಂಡರು.

"ತೆಗೀರಿ ಹಾಗಾದ್ರೆ. ಆದ್ರೆ ಅದು ಅವರ ಮಣ್ಣು ಆಲ್ಟನ್. ಅವರ ಮೈ ಮೇಲಿಂದ ನಾವು ತಂದಿದ್ದು. ಒಂದು ಸಲಿಕೆ ರಸ್ತೆಗೆ ಸುರಿದ್ರೂ ನನ್ನ ಕೈಲಿ ಅನ್ನಿಸ್ಕೋತೀರಿ."

"ಮತ್ತೆ ಎಲ್ಲಿಗೆ ಹಾಕೋದು?"

"ಎಲ್ಲಿಂದ ಬಂತೋ ಅಲ್ಲಿಗೆ. ಕಾಲೇಜಲ್ಲಿ ಇಷ್ಟೂ ಹೇಳಿಕೊಡ್ಲಿಲ್ವಾ?"

ಸೆಪ್ಟೆಂಬರ್ 26, ಶನಿವಾರ

ಕೈಯಲ್ಲಿ ಬೊಬ್ಬೆ, ಪೆನ್ನು ಹಿಡಿಯುವುದು ಕಷ್ಟ.

ಹಳೆಯ ಕುಟುಂಬದವರೆಲ್ಲ ಬಂದಿದ್ದರು, ಪೇಟೆ ಚರ್ಚಿಗೆ ಹೋಗಿ ಸೇರಿದವರು ಕೂಡ. ಸಲಿಕೆ, ಬಕೆಟ್ಟು, ತಳ್ಳುಗಾಡಿ. ಮಿಸ್ ಓಜೆಲ್ಲಾ ಮರದಡಿ ಕುರ್ಚಿ ಹಾಕಿಸಿಕೊಂಡು ಯಾವ ಗಾಡಿ ಯಾರ ಗೋರಿಗೆ ಎಂದು ಕೋಲಿನಲ್ಲಿ ತೋರಿಸುತ್ತಿದ್ದರು. "ಅದು ಪಿಕೆನ್ಸ್‌ಗೆ. ಜಾಸ್ತಿ ಹಾಕ್ಬೇಡ, ಬದುಕಿದ್ದಾಗಲೂ ಅವನು ತಕ್ಕಡಿ ಒತ್ತುತ್ತಿದ್ದ." ಗುರುತಿನ ಕಲ್ಲು ಸಹ ಇಲ್ಲದ ಗೋರಿಗಳ ಹೆಸರನ್ನೂ ಹೇಳಿದರು. ರೆನಾಟಾ ಕ್ಯಾಮೆರಾ ಕಾರಿನಲ್ಲಿಟ್ಟು ತಾನೂ ಗಾಡಿ ತಳ್ಳಿದಳು.

ಮಧ್ಯಾಹ್ನದ ಹೊತ್ತಿಗೆ ಹಿಂದಿನ ಕಂಬಗಳ ತಲೆ ಕಂಡವು. ನಮ್ಮಲ್ಲಿ ಯಾರೂ ಅವನ್ನು ನೋಡಿದವರಿಲ್ಲ. ಚೌಕ ಕೆತ್ತಿದ ಕಲ್ಲು, ನೆಟ್ಟಗೆ ನಿಂತಿವೆ. ಮಿಮ್ಸ್ ಟೋಪಿ ತೆಗೆದು, "ಸ್ವಾಮಿ, ನಿಮ್ಮನ್ನ ನಾವು ಇಲ್ಲ ಅಂದ್ಕೊಂಡಿದ್ವಿ" ಎಂದ. ಕಂಬಕ್ಕೆ.

ಹಿಂದಿನ ತೊಲೆ ಪೂರ್ತಿ ಹೋಗಿದೆ. ಉಳಿದ ಮೂರು ಬದಿಯದು ಬಡಿದರೆ ಗಂಟೆಯ ಹಾಗೆ ಉಲಿಯುತ್ತದೆ. ಒಂದೇ ತೊಲೆ ಅರ್ಲೀನ್. ಇಡೀ ಚರ್ಚು ಹೋಯಿತು ಎಂದುಕೊಂಡಿದ್ದೆವು, ಹೋಗಿರುವುದು ಒಂದೇ ತೊಲೆ. ಇದನ್ನು ಎರಡು ಸಲ ಬರೆದಿದ್ದೇನೆ, ಇರಲಿ.

ನಿನ್ನದಕ್ಕೆ ನಾನೇ ಹಾಕಿದೆ. ಮೂರು ಗಾಡಿ ಹಿಡಿಯಿತು. ಬಟ್ಟಲು ತುಂಬಿ ಮೇಲೆ ದುಂಡಗಾಗಿ ನಿಂತಿತು. ಕೈಯಲ್ಲೇ ತಟ್ಟಿದೆ.

ಸೆಪ್ಟೆಂಬರ್ 30

ಬದಲಿ ತೊಲೆ ಎಲ್ಲೂ ಇಲ್ಲ. ಹೊಸ ಮರ ಅಷ್ಟುದ್ದಕ್ಕೆ ಸಿಗುವುದಿಲ್ಲ, ಸಿಕ್ಕರೂ ಹಸಿ, ತಿರುಚಿಕೊಳ್ಳುತ್ತದೆ ಎಂದು ಟಾಲ್ಮಡ್ಜ್ ಹೇಳಿದ. ಮನೆಗಳನ್ನು ಜಾಕ್ ಇಟ್ಟು ಎತ್ತುವುದು ಅವನ ಕೆಲಸ, ಅವನ ತಾಯಿಯೂ ನಮ್ಮಲ್ಲೇ ಮಲಗಿದ್ದಾಳೆ, ಅದಕ್ಕೆ ಬಂದಿದ್ದಾನೆ. ಹದಿನಾರು ಹತ್ತಿರ ಬರುತ್ತಿದೆ. ನಿದ್ದೆ ಇಲ್ಲ.

ಅಕ್ಟೋಬರ್ 3, ಶನಿವಾರ

ಬಿದ್ದ ಲಾಡ್ಜಿನ ರಾಶಿಯೊಳಗೆ ಬೇಕಾದ ತೊಲೆ ಇದೆ ಎಂದು ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಲಾಡ್ಜು ಕಟ್ಟಿದ್ದು ಮಿಸ್ ಓಜೆಲ್ಲಾ ತಂದೆ. ಅದು ಬಿದ್ದ ಮೇಲೂ ಒಂದು ಮೊಳೆ ಎತ್ತಲು ಬಿಟ್ಟವರಲ್ಲ. ಈ ಬೇಸಿಗೆಯಲ್ಲಿ ಯಾರೋ ಸೌದೆಗೆಂದು ಬಂದಾಗ ಕೋಲು ಹಿಡಿದು ಅಟ್ಟಿದ್ದರು.

ಈ ಸಲ ಮಿಮ್ಸ್ ಜೊತೆಗೆ ಬಂದ. ಮಾತಾಡಲಿಲ್ಲ, ಬಂದು ಪಕ್ಕದಲ್ಲಿ ನಿಂತ. ಕೇಳಿದ್ದು ನಾನು. ಕೇಳಿದ್ದೂ ಅಲ್ಲ, ಹೆಚ್ಚುಕಡಿಮೆ ಜಗಳವಾಡಿದೆ.

"ಅಪ್ಪನ ಲಾಡ್ಜು ಮತ್ತೆ ಎದ್ದು ನಿಲ್ಲುತ್ತೆ ಅಂತ ಕಾಯ್ತಿದ್ದೀರಾ ಮಿಸ್ ಓಜೆಲ್ಲಾ? ಅದು ಏಳಲ್ಲ. ಏಳದೇ ಇರೋದನ್ನ ಕಾಯ್ತಾ ಕೂತ್ರೆ ನಿಂತಿರೋದೂ ಬೀಳುತ್ತೆ."

ಅಷ್ಟು ಗಟ್ಟಿಯಾಗಿ ಮಾತಾಡಿ ಎಷ್ಟು ದಿನವಾಗಿತ್ತೋ. ಅವರು ನನ್ನ ಮುಖವನ್ನೇ ನೋಡಿದರು.

"ಯಾರಿಗೆ ಹೇಳ್ತಿದ್ದೀ ಇದನ್ನ?"

"ನಿಮಗೇ."

"ಹೂಂ" ಎಂದರು. ಆಮೇಲೆ, "ಕೆಳಗಿನ ತೊಲೆ ತಗೋ. ಮೇಲಿನದರಲ್ಲಿ ಗಂಟಿದೆ ಅಂತ ಅಪ್ಪ ಬೈಯ್ತಿದ್ದ" ಎಂದರು.

ಹಿಂದಿರುಗುವಾಗ ಮಿಮ್ಸ್ ಲಾರಿಯಲ್ಲಿ ಒಬ್ಬನೇ ನಗುತ್ತಿದ್ದ. ಏನು ಎಂದರೆ ಹೇಳಲಿಲ್ಲ.

ಅಕ್ಟೋಬರ್ 10, ಶನಿವಾರ

ಎತ್ತಿದೆವು. ಟಾಲ್ಮಡ್ಜ್ ಕೆಳಗೆ ಜಾಕ್ ತಿರುಗಿಸಿದ, ಒಳಗೆ ಒಬ್ಬ ಬೋಧಪೀಠದ ಹತ್ತಿರ ಮಟ್ಟಗೋಲು ಹಿಡಿದು ಕೂಗಿ ಹೇಳಬೇಕಿತ್ತು. ಅದನ್ನು ನಾನು ಮಾಡಿದೆ, ಕಣ್ಣು ಇನ್ನೂ ಚೆನ್ನಾಗಿದೆಯಲ್ಲ. ಚರ್ಚು ನರಳಿತು, ಧೂಳು ಉದುರಿತು, ಒಂದು ಹಲಗೆ ಪಿಸ್ತೂಲಿನ ಹಾಗೆ ಸಿಡಿದು ಮಿಮ್ಸ್ ಕಿಟಕಿಯಿಂದ ಹಾರಿದ. ಮಟ್ಟಗೋಲಿನ ಗಾಳಿಗುಳ್ಳೆ ನಿಧಾನಕ್ಕೆ ಮಧ್ಯಕ್ಕೆ ಬಂದು ನಿಂತಿತು. ಸಾಕು ಎಂದು ಕೂಗಿದೆ. ಹೊಸ ತೊಲೆ, ಅಂದರೆ ಹಳೆಯ ತೊಲೆ, ಕಂಬಗಳ ಮೇಲೆ ಕೂತಿತು.

ಒಳಗೆ ಎಲ್ಲ ಹಾಗೇ ಇದೆ. ಬೀಸಣಿಗೆಗಳು ಬೆಂಚಿನ ಮೇಲೇ ಇವೆ. ಹೆಂಗಸರ ಕಡೆ ಒಂದು ಕಿಟಕಿಯ ಕೊಂಡಿ ಸಡಿಲವಾಗಿದೆ, ಸರಿಮಾಡಬೇಕು.

ಅಕ್ಟೋಬರ್ 16, ಶುಕ್ರವಾರ

ಕೌಂಟಿಯ ಡನವೇ ಎನ್ನುವವರು ಬಂದರು. ಹೆಂಗಸರ ಬಾಗಿಲಿನಿಂದಲೇ ನುಗ್ಗಿದರು. ಮಿಸ್ ಓಜೆಲ್ಲಾ ಒಳಗೇ ಕೂತಿದ್ದರು, ಕಾಗದವನ್ನು ಯಾರು ಕೇಳುತ್ತಾರೆ. "ಗಂಡಸ್ರ ಬಾಗಿಲು ಆ ಕಡೆ. ಪರವಾಗಿಲ್ಲ, ನೀನು ಹೊಸಬ" ಎಂದರು. ಆತ ಪಾಪ ಹೊರಗೆ ಹೋಗಿ ಸುತ್ತಿಕೊಂಡು ಮತ್ತೆ ಬಂದರು.

ಕೆಳಗೆ ತೂರಿ ಟಾರ್ಚು ಬಿಟ್ಟರು. ತೊಲೆ ಬಡಿದರು. ಮೇಲೆ ಬಂದು ಬೋಧಪೀಠದ ಮುಂದೆ ಕುಪ್ಪಳಿಸಿದರು, ಒಂದು ಸಲ, ಮತ್ತೊಂದು ಸಲ ಜೋರಾಗಿ. ನಾವು ಬೆಂಚು ಹಿಡಿದು ಕೂತಿದ್ದೆವು. ಮಿಮ್ಸ್ ಕಣ್ಣು ಮುಚ್ಚಿಕೊಂಡಿದ್ದ, ಪ್ರಾರ್ಥನೆಯೋ ಹೆದರಿಕೆಯೋ.

"ಈ ಜಾಗದಲ್ಲಿ ಕುಣಿದವರಲ್ಲಿ ನೀನೇ ಮೊದಲನೆಯವನು ಮಗಾ. ನಾವು ಕುಣಿಯೋ ಜನ ಅಲ್ಲ" ಎಂದರು ಮಿಸ್ ಓಜೆಲ್ಲಾ.

"ನೆಲ ತಡ್ಕೊಳ್ಳುತ್ತೆ ಮೇಡಂ. ನನಗಿಂತ ಜಾಸ್ತಿನೇ ತಡ್ಕೊಳ್ಳುತ್ತೆ." ಆತ ಹೊರಗೆ ಹೋಗಿ ಕೆಂಪು ಕಾಗದವನ್ನು ಉಗುರಿನಲ್ಲಿ ಕೆರೆದು ಕೆರೆದು ತೆಗೆದರು. ಒಂದು ಮೂಲೆ ಬರಲೇ ಇಲ್ಲ.

ಕಾರು ಹೋಗುವವರೆಗೆ ಕಾದು, ಮಿಮ್ಸ್ ಬೆಂಚಿನ ಮೇಲೆ ಉದ್ದಕ್ಕೆ ಮಲಗಿಬಿಟ್ಟ. ನಾನು ಹೊರಗೆ ಹೋಗಿ ನೀರು ಕುಡಿದೆ. ಮಧ್ಯಾಹ್ನ ಎರಡು ಗಂಟೆಗೆ ಮಲಗಿದವನು ಹಸಿವಾಗಿಯೇ ಎದ್ದೆ.

ಅಕ್ಟೋಬರ್ 18, ಭಾನುವಾರ

ಚರ್ಚಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಎಲ್ಲ ಹೋದರು. ಡೆಟ್ರಾಯಿಟಿನ ಬಸ್ಸು ಈಗ ಹೋಯಿತು. ಮಿಮ್ಸ್ ಊಟದ ಮೇಜಿನ ಹಲಗೆಗಳನ್ನು ಲಾರಿಗೆ ತುಂಬುತ್ತಿದ್ದಾನೆ, ನೀನು ಮಂಡಿ ನೋವಿನವನು ಕೂತಿರು ಎಂದು ಅಣಕಿಸಿ.

ಜನ ಎಷ್ಟಿತ್ತೆಂದರೆ ಗಂಡಸರ ಕಡೆ ಜಾಗ ಸಾಲದೆ ಗೋಡೆಗೆ ಒರಗಿ ನಿಂತಿದ್ದರು. ನೆಲ ಕಿರ್ರೆನ್ನಲಿಲ್ಲ. ಬೋಧಕರು, ಎಲ್ಡರ್ ಬ್ಯಾಸ್ಕಂ, ಈ ಸಲ ಬಹಳ ಉದ್ದ ಹೇಳಿದರು, ಬೀಳುವ ಭಯವಿಲ್ಲವಲ್ಲ. ಹಾಡು ಎತ್ತಿಕೊಡುವ ಬ್ರದರ್ ಕೀಟನ್ ನೆಗಡಿಯೆಂದು ಬರಲಿಲ್ಲ. ಯಾರಾದರೂ ಮೊದಲ ಸಾಲು ಹೇಳಬೇಕಲ್ಲ, ಹೇಳಿದೆ. ಉಳಿದವರು ಹಿಂದಿನಿಂದ ಎಳೆದುಕೊಂಡು ಬಂದರು. ಈಗ ಗಂಟಲು ಕೆರೆಯುತ್ತಿದೆ, ಕೋಳಿ ಕರಿದ ಎಣ್ಣೆಯದಿರಬೇಕು. ನಾಲ್ಕು ತುಂಡು ತಿಂದೆ. ಗೆಣಸಿನ ಕಡುಬು ಎರಡು ಥರ ಇತ್ತು, ಎರಡನ್ನೂ.

ಇನ್ನು ಮೇಲೆ ಹೇಗೆ ಗುಡಿಸುವುದು ಎಂದು ಊಟದ ನಡುವೆ ಚರ್ಚೆಯಾಯಿತು. ರೆನಾಟಾ ಗುಡಿಸದೆ ಹುಲ್ಲು ಬೆಳೆಯಲು ಬಿಡಿ ಎಂದಳು. ಹೆಂಗಸರೆಲ್ಲ ಊಟ ನಿಲ್ಲಿಸಿ ಅವಳನ್ನು ನೋಡಿದರು, ಅವಳು ಮತ್ತೆ ಆ ಮಾತೆತ್ತಲಿಲ್ಲ. ಕೊನೆಗೆ ಮಿಸ್ ಓಜೆಲ್ಲಾ ತೀರ್ಮಾನ ಕೊಟ್ಟರು. ಸತ್ತವರ ಕಡೆಗೂ ಬೇಡ, ಚರ್ಚಿನ ಕಡೆಗೂ ಬೇಡ, ಅಡ್ಡಕ್ಕೆ ಪೂರ್ವದ ಬೇಲಿಯವರೆಗೆ. ತಿಂಗಳಿಗೊಮ್ಮೆ ಬೇಲಿಯ ಮಣ್ಣನ್ನು ಗಾಡಿಯಲ್ಲಿ ಗೋರಿಗಳಿಗೆ.

"ಅದು ಎರಡರಷ್ಟು ಕೆಲಸ" ಎಂದ ಮಿಮ್ಸ್.

"ನಿನ್ನ ಗೋರಿಗೆ ಯಾರೂ ಬರಲ್ಲ ಅನ್ನೋ ಭಯಾನಾ?"

"ಆಲ್ಟನ್ ಬರ್ತಾನೆ. ಅವನಿಗೆ ಬೇರೆ ಕೆಲಸ ಇಲ್ಲ."

ಇದೆ ಎಂದೆ. ಕಿಟಕಿಯ ಕೊಂಡಿ ಇದೆ. ಶಾಲೆಯ ಹುಲ್ಲು ಯಾರದು ಎಂದು ವಿಚಾರಿಸಬೇಕು, ಛಾವಣಿ ಇನ್ನೂ ಗಟ್ಟಿಯಿದೆ ಎಂದು ರೆನಾಟಾ ಹೇಳಿದಳು, ಮಂಗಳವಾರ ಬರುತ್ತಾಳೆ. ಬುಧವಾರ ಮಿಸ್ ಓಜೆಲ್ಲಾ ಮನೆಯಲ್ಲಿ ಊಟ. ಅರ್ಲೀನ್ ಇದ್ದಿದ್ದರೆ ಇಷ್ಟು ಹೊತ್ತಿಗೆ ಮೂರು ಸಲ ಕರೆದಿರುತ್ತಿದ್ದಳು, ಮನೆಗೆ ಬಾ ಎಂದು.

ಹೇಳುವುದು ಇನ್ನೂ ಇತ್ತು, ಸಾಲುಗಳು ಒಂದರ ಮೇಲೊಂದು ಹತ್ತುತ್ತಿವೆ, ತಲೆಯೆತ್ತಿದರೆ ಗೋರಿಗಳ ಕಡೆ ಆಗಲೇ ಕತ್ತಲು, ಮಣ್ಣಿನ ದಿಬ್ಬಗಳ ನೆತ್ತಿ ಮಾತ್ರ ಕಾಣುತ್ತಿದೆ. ಬೆಳಕು ಹೋಗುತ್ತಿದೆ. ಮಿಮ್ಸ್ ಲಾರಿಯ ದೀಪ ಹಾಕಿಕೊಂಡು ಕಾಯುತ್ತಿದ್ದಾನೆ.